ಹ್ಯಾಂಗರಿನಲ್ಲಿರುವ ಜೆಟ್ಟಿಗೆ ಬೆಲೆ ಕಟ್ಟುವುದು

2016ರ ಜೂನ್ ತಿಂಗಳಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಒಂದು ಏರ್‌ಬಸ್ ಎ319 ಹರಾಜಿಗೆ ಬಂತು. ಕಿಂಗ್‌ಫಿಷರ್ ಏರ್‌ಲೈನ್ಸ್ ಉಳಿಸಿಕೊಂಡಿದ್ದ ಸೇವಾ ತೆರಿಗೆಯ ಬಾಕಿಗಾಗಿ ಇಲಾಖೆ ವಶಪಡಿಸಿಕೊಂಡಿದ್ದ, ಆ ಏರ್‌ಲೈನ್ಸಿನ ಒಡೆಯ ವಿಜಯ ಮಲ್ಯ ಅವರು ಓಡಾಡುತ್ತಿದ್ದ ಜೆಟ್ ಅದು. ಇಲಾಖೆ ಇಟ್ಟ ಮೂಲಬೆಲೆ 152 ಕೋಟಿ ರೂಪಾಯಿ. ಬಂದದ್ದು ಒಂದೇ ಬಿಡ್, ಅದೂ 1.09 ಕೋಟಿಗೆ. ಆಮೇಲೆ ಮತ್ತೆ ಮತ್ತೆ ಹರಾಜು ನಡೆಯಿತು, ವಿಷಯ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ 2018ರಲ್ಲಿ ಅಮೆರಿಕದ ಒಂದು ಕಂಪನಿ 34.8 ಕೋಟಿಗೆ ಅದನ್ನು ಕೊಂಡಿತು.

ಒಂದೇ ವಿಮಾನಕ್ಕೆ 152, 1.09, 34.8. ಈ ಮೂರು ಅಂಕಿಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಒಳಗಿನ ಸೋಫಾ, ಹಾಸಿಗೆ, ಚರ್ಮದ ಕುರ್ಚಿಗಳನ್ನು ನೋಡಿ ಯಾರೂ ಬೆಲೆ ಕಟ್ಟಲಿಲ್ಲ. ವರ್ಷಗಟ್ಟಲೆ ಹಾರದೆ, ಸರಿಯಾದ ನಿರ್ವಹಣೆಯಿಲ್ಲದೆ, ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ವಿಮಾನದೊಳಗೆ ಏನಾಗಿದೆ ಎಂಬುದನ್ನು ಕೊಳ್ಳುವವರು ಲೆಕ್ಕ ಹಾಕಿದರು. ನಿಂತ ವಿಮಾನ ನಿಂತ ಕಾರಿಗಿಂತ ಬೇಗ ಹಾಳಾಗುತ್ತದೆ. ಸೀಲುಗಳು ಒಣಗುತ್ತವೆ, ಟೈರುಗಳು ಚಪ್ಪಟೆಯಾಗುತ್ತವೆ, ಇಂಧನ ಟ್ಯಾಂಕಿನ ತಳದಲ್ಲಿ ಸೇರಿದ ನೀರಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಅಲ್ಯೂಮಿನಿಯಂ ಮೈಗೆ ತುಕ್ಕಿನ ಪುಡಿ ಹತ್ತುತ್ತದೆ. ಎಂಜಿನ್ನನ್ನು ವಿಧಿಪ್ರಕಾರ ಎಣ್ಣೆ ಹಾಕಿ ಮುಚ್ಚಿಡದಿದ್ದರೆ ಅದರ ಕಥೆಯೂ ಮುಗಿದಂತೆಯೇ.

ಇದು ಶ್ರೀಮಂತರ ಗೊಡವೆ, ನಮಗೇಕೆ ಎಂದು ಕೇಳಬಹುದು. ಇಂಥ ಜೆಟ್ಟುಗಳನ್ನು ಬಹುತೇಕ ಕಂಪನಿಯ ಹಣದಲ್ಲೋ ಬ್ಯಾಂಕಿನ ಸಾಲದಲ್ಲೋ ಕೊಳ್ಳುತ್ತಾರೆ. ಲೆಕ್ಕ ತಪ್ಪಿದಾಗ ನಷ್ಟ ಷೇರುದಾರನಿಗೂ ಠೇವಣಿದಾರನಿಗೂ ಹಂಚಿಹೋಗುತ್ತದೆ. ಬೆಂಗಳೂರಿನಲ್ಲಿ ಇಂದು ಇಂಥ ಖರೀದಿಯ ಕಡತ ಕೈಗೆ ಬರಬಹುದಾದ ಚಾರ್ಟರ್ಡ್ ಅಕೌಂಟೆಂಟರು, ಕಂಪನಿ ಕಾರ್ಯದರ್ಶಿಗಳು, ಬ್ಯಾಂಕ್ ಅಧಿಕಾರಿಗಳು ಎಷ್ಟೋ ಮಂದಿ ಇದ್ದಾರೆ. ಅವರ ಭಾಷೆಯಲ್ಲಿ ಸೆಕೆಂಡ್ ಹ್ಯಾಂಡ್ ದೂರಗಾಮಿ ಜೆಟ್ ಕೊಳ್ಳುವ ಬಗ್ಗೆ ಒಂದು ಪೂರ್ಣ ಬರಹ ಇರಲೇಬೇಕು ಎಂಬ ಹಂಬಲದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು, ದೂರಗಾಮಿ ಎಂದರೆ ಎಷ್ಟು ದೂರ? ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಮೂರು ಮನೆತನಗಳು. ಅಮೆರಿಕದ ಸವಾನಾ ಊರಿನ ಗಲ್ಫ್‌ಸ್ಟ್ರೀಮ್ ಕಟ್ಟಿದ ಜಿ550ಕ್ಕೆ 2003ರಲ್ಲಿ ಪ್ರಮಾಣಪತ್ರ ಸಿಕ್ಕಿತು. 2021ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 600ಕ್ಕೂ ಹೆಚ್ಚು ಹೊರಬಂದಿದ್ದವು. ಇದು ಒಂದೇ ಉಸಿರಿಗೆ 6,750 ನಾಟಿಕಲ್ ಮೈಲಿ, ಅಂದರೆ ಸುಮಾರು 12,500 ಕಿಲೋಮೀಟರ್ ಹಾರಬಲ್ಲದು. ಕೆನಡಾದ ಬೊಂಬಾರ್ಡಿಯರ್‌ನ ಗ್ಲೋಬಲ್ ಎಕ್ಸ್‌ಪ್ರೆಸ್ 1999ರಲ್ಲಿ ಸೇವೆಗೆ ಬಂತು. ಅದರದೇ ವಂಶದ ಗ್ಲೋಬಲ್ 6000ರ ಹರವು 11,100 ಕಿಲೋಮೀಟರ್. ಫ್ರಾನ್ಸಿನ ದಸೋ ಕಂಪನಿಯ ಫಾಲ್ಕನ್ 7ಎಕ್ಸ್ ಮೂರು ಎಂಜಿನ್ನಿನದು, 2007ರಿಂದ ಹಾರುತ್ತಿದೆ, ಸುಮಾರು 11,000 ಕಿಲೋಮೀಟರ್ ಹೋಗುತ್ತದೆ. ಇವುಗಳ ಮೇಲಿನ ಮೆಟ್ಟಿಲಿನಲ್ಲಿ ಜಿ650ಇಆರ್ ಮತ್ತು ಗ್ಲೋಬಲ್ 7500 ಇವೆ. ಮೊದಲನೆಯದು 13,890, ಎರಡನೆಯದು 14,260 ಕಿಲೋಮೀಟರ್.

ಈ ಅಂಕಿಗಳನ್ನು ನಮ್ಮ ನೆಲಕ್ಕೆ ಇಳಿಸಿ ನೋಡೋಣ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿಲೋಮೀಟರ್, ಸಿಂಗಪುರಕ್ಕೆ 3,200, ಲಂಡನ್ನಿಗೆ 8,000. ಸಾವಿರಾರು ಕನ್ನಡ ಕುಟುಂಬಗಳು ನೆಲೆಸಿರುವ ಸಿಲಿಕಾನ್ ವ್ಯಾಲಿಯ ಹೆಬ್ಬಾಗಿಲು ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಹಾದಿಯಲ್ಲಿ ಬೋಯಿಂಗ್ 777 ಹಾರಿಸಿಕೊಂಡು ಬೆಂಗಳೂರಿಗೆ ಬಂದಿಳಿದಾಗ ದೇಶವೇ ಹೆಮ್ಮೆಪಟ್ಟಿತ್ತು. ಆ ದಾರಿಯನ್ನು ನಿಲ್ಲದೆ ಕ್ರಮಿಸಬಲ್ಲದು ಎಂದು ಕಾಗದದ ಮೇಲಾದರೂ ಹೇಳಿಕೊಳ್ಳುವ ಜೆಟ್ ಮೇಲೆ ಹೆಸರಿಸಿದವುಗಳಲ್ಲಿ ಗ್ಲೋಬಲ್ 7500 ಒಂದೇ. ಕೈಗೆಟುಕುವ ಬೆಲೆಗೆ ಸಿಗುವ ಜಿ550, ಗ್ಲೋಬಲ್ 6000, 7ಎಕ್ಸ್ ಯಾವುದನ್ನು ಕೊಂಡರೂ ಕ್ಯಾಲಿಫೋರ್ನಿಯಾದ ದಾರಿಯಲ್ಲಿ ಒಂದು ಕಡೆ ಇಂಧನಕ್ಕೆ ಇಳಿಯಲೇಬೇಕು. ಲಂಡನ್, ಟೋಕಿಯೊ, ಜೊಹಾನ್ಸ್‌ಬರ್ಗ್ ಮಾತ್ರ ಇವುಗಳಿಗೆ ನಿರಾಯಾಸ.

ಕಂಪನಿಯ ಕೈಪಿಡಿಯ ಅಂಕಿಗೆ ಷರತ್ತುಗಳಿವೆ ಎಂಬುದನ್ನೂ ಮರೆಯುವಂತಿಲ್ಲ. ಎಂಟು ಪ್ರಯಾಣಿಕರು, ಮಿತವಾದ ವೇಗ, ಗಾಳಿಯಿಲ್ಲದ ಆಕಾಶ ಎಂದುಕೊಂಡು ಆ ಅಂಕಿ ಹೇಳಿರುತ್ತಾರೆ. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಎದುರುಗಾಳಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬೀಸುವುದು ಅಪರೂಪವೇನಲ್ಲ. ರಾಜಕೀಯದ ಗಾಳಿಯೂ ಇದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ನೋಂದಣಿಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಬಾಲದ ಮೇಲೆ ಭಾರತದ ನೋಂದಣಿಯ ಗುರುತಾದ ವಿಟಿ ಎಂಬ ಎರಡಕ್ಷರ ಇದ್ದರೆ ದೆಹಲಿಯಿಂದ ಯುರೋಪಿನ ದಾರಿ ಉದ್ದವಾಯಿತು. ವಿಮಾನ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೋಂದಣಿಯ ಅಕ್ಷರವೂ ತೀರ್ಮಾನಿಸುತ್ತದೆ ಎಂದು ಅಂದು ಎಲ್ಲರಿಗೂ ಅರ್ಥವಾಯಿತು.

ದೂರ ಹೋಗುವ ವಿಮಾನ ಹತ್ತಿರದ ಊರಿಗೆ ಇಳಿಯಲಾರದೆ ಹೋಗಬಹುದು. ತುಂಬು ತೂಕದ ಜಿ550ಕ್ಕೆ ಮೇಲೇರಲು ಸಮುದ್ರಮಟ್ಟದಲ್ಲಿ, ತಂಪು ಹವೆಯಲ್ಲೇ ಸುಮಾರು 1,800 ಮೀಟರ್ ರನ್‌ವೇ ಬೇಕು. ಮೈಸೂರಿನ ರನ್‌ವೇ 1,740 ಮೀಟರ್, ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಕಡಿಮೆ ಇಂಧನದಲ್ಲಿ ಬಂದುಹೋಗಬಹುದಾದರೂ ಅಲ್ಲಿಂದ ನೇರ ಲಂಡನ್ ಕನಸು ಬೇಡ. 2008ರಲ್ಲಿ ನಿಯಮಿತ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣವೇ ಖಾಸಗಿ ಜೆಟ್ಟುಗಳಿಗೆ ತವರಾಗಿ ಉಳಿದಿದೆ.

ಇನ್ನು ಬೆಲೆ. ಹೊಸ ಜಿ550 ತನ್ನ ಕೊನೆಯ ವರ್ಷಗಳಲ್ಲಿ ಸುಮಾರು 6 ಕೋಟಿ ಡಾಲರಿನ ವಿಮಾನ. ಹದಿನೈದು ಇಪ್ಪತ್ತು ವರ್ಷ ಹಾರಿದ ಮೇಲೆ ಅದರ ಬೆಲೆ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. ಕೊಳ್ಳುವವರು ಮರುಳಾಗುವುದೇ ಇಲ್ಲಿ. ಬೆಲೆ ಕಾಲುಭಾಗ ಆಯಿತು, ಖರ್ಚು ಆಗಲಿಲ್ಲ. ರೆಕ್ಕೆಯ ಬಿಡಿಭಾಗದ ದರ, ಎಂಜಿನ್ ರಿಪೇರಿಯ ಬಿಲ್ಲು, ಪೈಲಟ್‌ನ ಸಂಬಳ ಇವೆಲ್ಲ 6 ಕೋಟಿ ಡಾಲರಿನ ವಿಮಾನದವೇ. ಇಂಧನ ಹಾಕುವ ಮೊದಲೇ ಪೈಲಟ್‌ಗಳು, ಹ್ಯಾಂಗರ್, ವಿಮೆ, ತರಬೇತಿ, ನಕ್ಷೆಗಳ ಚಂದಾ ಎಂದು ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಹೋಗುತ್ತದೆ. ಹಾರಿದರೆ ಗಂಟೆಗೆ 1,400 ಲೀಟರಿನಷ್ಟು ಇಂಧನ ಬೇರೆ.

ಮಾರುಕಟ್ಟೆಯ ಏರಿಳಿತವೂ ದೊಡ್ಡದು. ಕೋವಿಡ್ ನಂತರ, 2021 ಮತ್ತು 22ರಲ್ಲಿ, ಮಾರಾಟಕ್ಕೆ ವಿಮಾನಗಳೇ ಸಿಗದ ಸ್ಥಿತಿ ಬಂತು. ಕೈ ತಪ್ಪೀತೆಂಬ ಭಯದಲ್ಲಿ ತಪಾಸಣೆಯನ್ನೇ ಬಿಟ್ಟುಕೊಟ್ಟು ಕೊಂಡವರಿದ್ದಾರೆ. ಅಮೆರಿಕದ ತೆರಿಗೆ ಕಾನೂನು ಕೂಡ ಇಲ್ಲಿನ ಬೆಲೆಯನ್ನು ಅಲುಗಿಸುತ್ತದೆ: ವ್ಯವಹಾರಕ್ಕಾಗಿ ಕೊಂಡ ಹಳೆಯ ವಿಮಾನದ ಪೂರ್ತಿ ಬೆಲೆಯನ್ನು ಮೊದಲ ವರ್ಷದಲ್ಲೇ ಸವಕಳಿಯಾಗಿ ತೋರಿಸುವ ಅವಕಾಶವನ್ನು 2017ರ ಕಾನೂನು ಕೊಟ್ಟಿತು, 2023ರಿಂದ ಅದು ಕರಗುತ್ತ ಬಂತು, 2025ರಲ್ಲಿ ಮತ್ತೆ ಪೂರ್ತಿಯಾಗಿ ಮರಳಿತು. ಹಾಗಾಗಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅಮೆರಿಕದ ಕೊಳ್ಳುಗರು ನುಗ್ಗುತ್ತಾರೆ, ತಪಾಸಣೆ ಮಾಡುವ ಹ್ಯಾಂಗರುಗಳು ತುಂಬಿರುತ್ತವೆ. ಆ ತೆರಿಗೆಯಿಂದ ಲಾಭವಿಲ್ಲದ ಭಾರತೀಯ ಕೊಳ್ಳುಗ ಆ ಮೂರು ತಿಂಗಳು ಸುಮ್ಮನಿರುವುದೇ ಮೇಲು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಹಳ ದೂರವೇನಲ್ಲ. ಅಲ್ಲಿ ಜೋಡೆತ್ತು ಕೊಳ್ಳಲು ಬಂದ ರೈತ ಹಲ್ಲು ಹಿಡಿದು ವಯಸ್ಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬೇಡ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಜೆಟ್ ಕೊಳ್ಳುವಾಗ ಆ ಹಲ್ಲು, ಸುಳಿ, ಗೊರಸು ಎಲ್ಲವೂ ಲಾಗ್‌ಬುಕ್. ವಿಮಾನ ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗೆ ಹಾರಿದ ಪ್ರತಿ ಗಂಟೆ, ಇಳಿದ ಪ್ರತಿ ಸಲ, ಬದಲಿಸಿದ ಪ್ರತಿ ಬಿಡಿಭಾಗ ಅದರಲ್ಲಿ ಸಹಿಯೊಂದಿಗೆ ಇರಬೇಕು. ಒಂದೆರಡು ವರ್ಷದ ಪುಸ್ತಕ ಕಳೆದುಹೋಗಿದೆ ಎಂದರೆ ಲಕ್ಷಗಟ್ಟಲೆ ಡಾಲರ್ ಬೆಲೆ ಇಳಿಯುತ್ತದೆ, ಇಳಿಯಲೂ ಬೇಕು. ಯಾಕೆಂದರೆ ಆಯುಷ್ಯದ ಮಿತಿಯುಳ್ಳ ಎಂಜಿನ್ ಬಿಲ್ಲೆಯೊಂದರ ಚರಿತ್ರೆ ಗೊತ್ತಿಲ್ಲದಿದ್ದರೆ, ಅದು ನೋಡಲು ಎಷ್ಟೇ ಹೊಳೆಯುತ್ತಿದ್ದರೂ ಬಿಚ್ಚಿ ಎಸೆಯುವುದಷ್ಟೇ ದಾರಿ.

ಕಾಗದವೂ ಸುಳ್ಳು ಹೇಳಬಹುದು. 2023ರಲ್ಲಿ ಲಂಡನ್ನಿನ ಏಒಜಿ ಟೆಕ್ನಿಕ್ಸ್ ಎಂಬ ಪುಟ್ಟ ಸಂಸ್ಥೆ ನಕಲಿ ಪ್ರಮಾಣಪತ್ರ ಕೊಟ್ಟು ಬಿಡಿಭಾಗಗಳನ್ನು ಮಾರಿದ್ದು ಬಯಲಾಯಿತು. ಅವು ಮುಖ್ಯವಾಗಿ ಸಿಎಫ್‌ಎಂ56 ಎಂಜಿನ್ನಿನವು. ಅದೇ ಎಂಜಿನ್ ಬೋಯಿಂಗ್ 737ರಿಂದ ಮಾಡಿದ ಬಿಸಿನೆಸ್ ಜೆಟ್ಟುಗಳಲ್ಲೂ ಇದೆ. ದೊಡ್ಡ ದೊಡ್ಡ ಏರ್‌ಲೈನ್‌ಗಳೇ ಎಂಜಿನ್ ಬಿಚ್ಚಿ ಹುಡುಕಬೇಕಾಯಿತು. ಬಿಡಿಭಾಗದ ಪ್ರಮಾಣಪತ್ರವನ್ನು ಅದರಲ್ಲಿ ಹೆಸರಿರುವ ಸಂಸ್ಥೆಗೇ ಕಳಿಸಿ ಖಚಿತಪಡಿಸಿಕೊಳ್ಳುವುದನ್ನು ಅನುಮಾನದ ಸ್ವಭಾವ ಎನ್ನಬಾರದು, ಅದು ಕರ್ತವ್ಯ.

ಲಾಗ್‌ಬುಕ್ ಓದಿದ ಮೇಲೆ ವಿಮಾನವನ್ನೇ ಬಿಚ್ಚಿ ನೋಡುವ ಹಂತ. ವ್ಯಾಪಾರದವರು ಇದನ್ನು ಪ್ರಿ-ಬೈ ಎನ್ನುತ್ತಾರೆ. ಇದರಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುವ ಮಾತು ಒಂದು: ಇಷ್ಟು ವರ್ಷ ಆ ವಿಮಾನವನ್ನು ನೋಡಿಕೊಂಡ ಹ್ಯಾಂಗರಿನಲ್ಲೇ ಪ್ರಿ-ಬೈ ಮಾಡಿಸಬೇಡಿ. ತನ್ನ ಕೆಲಸದ ತಪ್ಪನ್ನು ತಾನೇ ಬರೆದು ಕೊಡುವವರು ಕಡಿಮೆ. ತಯಾರಕರದೇ ಕೇಂದ್ರಗಳೂ ದೊಡ್ಡ ಸ್ವತಂತ್ರ ಹ್ಯಾಂಗರುಗಳೂ ಅಮೆರಿಕ, ಯುರೋಪ್ ಎರಡರಲ್ಲೂ ಇವೆ. ಎಂಜಿನ್ನಿನೊಳಗೆ ಬೋರ್‌ಸ್ಕೋಪ್ ಎಂಬ ತೆಳು ಕೊಳವೆ ಕ್ಯಾಮೆರಾ ಇಳಿಸಿ ಬ್ಲೇಡುಗಳ ಅಂಚು, ದಹನಕೋಣೆಯ ಬಿರುಕು ನೋಡುತ್ತಾರೆ. ನೆಲಹಾಸು, ಶೌಚಾಲಯ, ಅಡುಗೆಮೂಲೆಯ ಕೆಳಗಿನ ಹಲಗೆಗಳನ್ನು ಎತ್ತಿಸಿ ತುಕ್ಕು ಹುಡುಕಿಸಬೇಕು. ಚೆಲ್ಲಿದ ಕಾಫಿ, ಸೋರಿದ ನೀರು ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡಿರುತ್ತದೆ. ಆಮೇಲೆ ಕೊಳ್ಳುವವರ ಎಂಜಿನಿಯರ್ ಕುಳಿತು ಒಂದು ಪರೀಕ್ಷಾ ಹಾರಾಟ. ಸಿಕ್ಕ ದೋಷಗಳ ಪಟ್ಟಿಯಲ್ಲಿ ಹಾರಾಟದ ಯೋಗ್ಯತೆಗೆ ಸಂಬಂಧಿಸಿದ್ದನ್ನು ಮಾರುವವರು ಸರಿಮಾಡಿಕೊಡಬೇಕು, ಬಣ್ಣ ಹೋದದ್ದು ಚರ್ಮ ಸವೆದದ್ದು ಚೌಕಾಸಿಗೆ ಬಿಟ್ಟದ್ದು. ಈ ಗೆರೆಯನ್ನು ಕರಾರಿನಲ್ಲೇ ಎಳೆದಿರಬೇಕು.

ತಪಾಸಣೆಗಳ ಪಂಚಾಂಗ ತಿಳಿಯದವರಿಗೆ ಬೆಲೆಯೇ ಅರ್ಥವಾಗುವುದಿಲ್ಲ. ಜಿ550ಕ್ಕೆ 96 ತಿಂಗಳಿಗೊಮ್ಮೆ ದೊಡ್ಡ ತಪಾಸಣೆ, ಗ್ಲೋಬಲ್‌ಗೆ 120 ತಿಂಗಳಿಗೆ, ಫಾಲ್ಕನ್ 7ಎಕ್ಸ್‌ಗೆ ಎಂಟು ವರ್ಷಕ್ಕೊಮ್ಮೆ ಸಿ-ಚೆಕ್. ವಿಮಾನವನ್ನು ಅಸ್ಥಿಪಂಜರದವರೆಗೆ ಬಿಚ್ಚುವ ಕೆಲಸ ಇದು. ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಕೂರುತ್ತದೆ, ಬಿಲ್ಲು ಲಕ್ಷಾಂತರ ಡಾಲರ್. ಬಹುತೇಕ ಜೆಟ್ಟುಗಳು ಮಾರಾಟಕ್ಕೆ ಬರುವುದು ಈ ದೊಡ್ಡ ತಪಾಸಣೆಗೆ ಆರು ತಿಂಗಳೋ ವರ್ಷವೋ ಇರುವಾಗ. ಅದು ತಪ್ಪೇನಲ್ಲ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯದೆ ಕೊಂಡರೆ ತಪ್ಪು. ನನ್ನ ಅಭಿಪ್ರಾಯದಲ್ಲಿ ಸೆಕೆಂಡ್ ಹ್ಯಾಂಡ್ ಖರೀದಿಯ ಅತ್ಯುತ್ತಮ ಗಳಿಗೆಯೂ ಇದೇ. ಮಾರುವವರ ಖರ್ಚಿನಲ್ಲಿ ಆ ದೊಡ್ಡ ತಪಾಸಣೆಯನ್ನೇ ಮಾಡಿಸಿ, ಅದನ್ನೇ ಪ್ರಿ-ಬೈ ಆಗಿ ತೆಗೆದುಕೊಂಡರೆ ವಿಮಾನದ ಒಳಗಿನ ಒಂದೊಂದು ಮೊಳೆಯೂ ಕಣ್ಣಿಗೆ ಬೀಳುತ್ತದೆ, ಮುಂದಿನ ಎಂಟು ಹತ್ತು ವರ್ಷ ಆ ಮಾತಿರುವುದಿಲ್ಲ.

ಎಂಜಿನ್ನಿನ ಲೆಕ್ಕ ಬೇರೆಯೇ. ಜಿ550 ಮತ್ತು ಗ್ಲೋಬಲ್ 6000 ಎರಡರಲ್ಲೂ ಇರುವುದು ರೋಲ್ಸ್-ರಾಯ್ಸ್‌ನ ಬಿಆರ್710 ಕುಟುಂಬದ ಎಂಜಿನ್, ಜರ್ಮನಿಯ ಡಾಲೆವಿಟ್ಸ್‌ನಲ್ಲಿ ತಯಾರಾದದ್ದು. ಒಂದೊಂದರ ಪೂರ್ಣ ದುರಸ್ತಿಗೆ ಹತ್ತಾರು ಲಕ್ಷ ಡಾಲರ್ ಬೇಕು. ಅದಕ್ಕೇ ಹಾರಿದ ಗಂಟೆಗೆ ಇಷ್ಟು ಎಂದು ಹಣ ಕಟ್ಟುತ್ತ ಬರುವ ಯೋಜನೆಗಳಿವೆ. ರೋಲ್ಸ್-ರಾಯ್ಸ್‌ನದು ಕಾರ್ಪೊರೇಟ್‌ಕೇರ್, ತಯಾರಕರಿಗೆ ಸೇರದ ಜೆಎಸ್‌ಎಸ್‌ಐಯಂಥವೂ ಇವೆ. ನಮ್ಮೂರಿನ ಚೀಟಿಯ ಹಾಗೆ ಕಂತು ಕಟ್ಟಿದವರಿಗೆ ದುರಸ್ತಿಯ ದಿನ ಹಣ ಸಿದ್ಧವಿರುತ್ತದೆ. ಎರಡು ಜಿ550ಗಳಲ್ಲಿ ಒಂದು ಯೋಜನೆಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ, ಬೆಲೆ ಸ್ವಲ್ಪ ಹೆಚ್ಚಾದರೂ ಮೊದಲನೆಯದನ್ನೇ ಕೊಳ್ಳಿ. ಕಂತು ಪೂರ್ತಿ ಕಟ್ಟಿದೆಯೇ, ಹೊಸ ಮಾಲೀಕರ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಎಂಜಿನ್ ಕಂಪನಿಯಿಂದಲೇ ಪತ್ರ ತರಿಸಿಕೊಳ್ಳಿ.

ಮೂರರಲ್ಲಿ ಯಾವುದು? ಜಿ550ರ ಬಲ ಅದರ ಸಂಖ್ಯೆ. 600 ವಿಮಾನಗಳಿದ್ದ ಕಡೆ ಬಿಡಿಭಾಗವೂ ಸಿಗುತ್ತದೆ, ಕೈ ಪಳಗಿದ ಎಂಜಿನಿಯರೂ ಸಿಗುತ್ತಾರೆ, ನಾಳೆ ಮಾರಲೂ ಸುಲಭ. ಗ್ಲೋಬಲ್‌ನ ಒಳಾಂಗಣ ಹೆಚ್ಚು ಅಗಲ. ಫಾಲ್ಕನ್ 7ಎಕ್ಸ್ ಇಂಧನ ಕಡಿಮೆ ಕುಡಿಯುತ್ತದೆ, ಆದರೆ ದುರಸ್ತಿಗೆ ಎರಡರ ಬದಲು ಮೂರು ಎಂಜಿನ್. 7ಎಕ್ಸ್ ಬಗ್ಗೆ ಒಂದು ಘಟನೆ ಹೇಳಲೇಬೇಕು. 2011ರ ಮೇ ತಿಂಗಳಲ್ಲಿ ಕೌಲಾಲಂಪುರಕ್ಕೆ ಇಳಿಯುತ್ತಿದ್ದ ಒಂದು 7ಎಕ್ಸ್ ತನ್ನಷ್ಟಕ್ಕೇ ಮೂಗೆತ್ತಿ ಆಕಾಶಕ್ಕೆ ನುಗ್ಗಿತು. ಸೇನೆಯಲ್ಲಿ ಕಲಿತ ವಿದ್ಯೆಯಿಂದ ಪೈಲಟ್ ಅದನ್ನು ಪಕ್ಕಕ್ಕೆ ಬಾಗಿಸಿ ಉಳಿಸಿದರು. ಅಷ್ಟೂ ವಿಮಾನಗಳನ್ನು ನೆಲಕ್ಕಿಳಿಸಿ ಹುಡುಕಿದಾಗ ಸಿಕ್ಕ ಕಾರಣ, ಬಾಲದ ನಿಯಂತ್ರಣ ಪೆಟ್ಟಿಗೆಯಲ್ಲಿ ಒಂದು ಬೆಸುಗೆಯ ದೋಷ. ದೋಷ ಸರಿಯಾಯಿತು, ವಿಮಾನ ಇಂದು ನಂಬಿಕಸ್ತ. ಕೊಳ್ಳುವವರು ತಿಳಿಯಬೇಕಾದದ್ದು, ಅಂಥ ದೋಷ ಸರಿಪಡಿಸಲು ನಿಯಂತ್ರಕರು ಹೊರಡಿಸುವ ಪ್ರತಿಯೊಂದು ಆದೇಶವೂ ಈ ವಿಮಾನದಲ್ಲಿ ಜಾರಿಯಾಗಿದೆ ಎಂಬುದಕ್ಕೆ ಲಾಗ್‌ಬುಕ್ಕಿನಲ್ಲಿ ಸಾಕ್ಷಿ ಇರಬೇಕು ಎಂಬುದನ್ನು.

ಹಳೆಯ ಕಾಕ್‌ಪಿಟ್ಟಿನ ಬಗ್ಗೆಯೂ ಎಚ್ಚರ ಬೇಕು. ಎಡಿಎಸ್-ಬಿ ಎಂಬ, ವಿಮಾನ ತನ್ನ ಸ್ಥಾನವನ್ನು ತಾನೇ ಸಾರುವ ಉಪಕರಣ ಅಮೆರಿಕದಲ್ಲಿ 2020ರ ಜನವರಿ 1ರಿಂದ ಕಡ್ಡಾಯ. ಉತ್ತರ ಅಟ್ಲಾಂಟಿಕ್‌ನ ಮುಖ್ಯ ಎತ್ತರಗಳಲ್ಲಿ ಹಾರಲು ದತ್ತಾಂಶ ಸಂಪರ್ಕದ ಉಪಕರಣ ಬೇಕು, ಇಲ್ಲದಿದ್ದರೆ ಕೆಳಗೆ ಇಳಿದು ಹೆಚ್ಚು ಇಂಧನ ಸುಡಬೇಕು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ನಮ್ಮ ಗಗನ್ ವ್ಯವಸ್ಥೆಯ ನೆರವಿನಿಂದ ಇಳಿಯಲೂ ತಕ್ಕ ಗ್ರಾಹಕ ಬೇಕು. ಇವಿಲ್ಲದ ವಿಮಾನ ಅಗ್ಗಕ್ಕೆ ಸಿಕ್ಕರೆ ಅದು ಅಗ್ಗವಲ್ಲ.

ಹಣ ಕೈ ಬದಲಾಗುವ ರೀತಿ ಸರಳ, ಅದನ್ನು ತಪ್ಪಿಸಬಾರದು. ಮುಂಗಡ ಮಾರುವವರ ಖಾತೆಗೆ ಹೋಗದೆ ಮೂರನೆಯವರ ಎಸ್ಕ್ರೋ ಖಾತೆಯಲ್ಲಿ ಕೂರುತ್ತದೆ. ಅಮೆರಿಕದ ನೋಂದಣಿಯ ವಿಮಾನವಾದರೆ ಬಹುತೇಕ ಒಕ್ಲಹಾಮಾ ಸಿಟಿಯಲ್ಲಿ, ಯಾಕೆಂದರೆ ಅಲ್ಲಿನ ವಿಮಾನ ನೋಂದಣಿ ಕಚೇರಿ ಇರುವುದು ಆ ಊರಿನಲ್ಲಿ. ವಿಮಾನದ ಮೇಲೆ ಸಾಲ, ಅಡಮಾನ, ರಿಪೇರಿಯವರ ಬಾಕಿ ಇದೆಯೇ ಎಂದು ಅಲ್ಲಿಯೂ, 2001ರ ಕೇಪ್‌ಟೌನ್ ಒಪ್ಪಂದದಡಿ ಡಬ್ಲಿನ್‌ನಲ್ಲಿ ನಡೆಯುವ ಅಂತಾರಾಷ್ಟ್ರೀಯ ನೋಂದಣಿಯಲ್ಲಿಯೂ ಹುಡುಕಬೇಕು. ಭಾರತ 2008ರಲ್ಲೇ ಆ ಒಪ್ಪಂದಕ್ಕೆ ಸೇರಿದರೂ ಅದಕ್ಕೆ ಕಾನೂನಿನ ಬಲ ಬಂದದ್ದು 2025ರಲ್ಲಿ. ಕಿಂಗ್‌ಫಿಷರ್, ಗೋ ಫಸ್ಟ್ ಏರ್‌ಲೈನ್‌ಗಳು ನಿಂತಾಗ ಗುತ್ತಿಗೆಗೆ ಕೊಟ್ಟವರು ತಮ್ಮ ವಿಮಾನಗಳನ್ನು ಬಿಡಿಸಿಕೊಳ್ಳಲು ಪಟ್ಟ ಪಾಡು ಅದಕ್ಕೆ ಹಿನ್ನೆಲೆ.

ಭಾರತಕ್ಕೆ ತರುವಾಗ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ವಯಸ್ಸಿನ ಮಿತಿಯನ್ನು ಮೊದಲೇ ನೋಡಿಕೊಳ್ಳಬೇಕು. ತೆರಿಗೆಯಲ್ಲಂತೂ ಎರಡು ದಾರಿ. ಸ್ವಂತ ಬಳಕೆಗೆ ಎಂದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40. 1.5 ಕೋಟಿ ಡಾಲರಿನ ವಿಮಾನಕ್ಕೆ 60 ಲಕ್ಷ ಡಾಲರ್ ತೆರಿಗೆ! ಬಾಡಿಗೆಗೆ ಓಡಿಸುವ ಪರವಾನಗಿಯ ಹೆಸರಿನಲ್ಲಿ ತಂದರೆ ಶೇ 5. ಈ ಅಂತರ ಕಂಡು ಬಾಡಿಗೆಯ ಹೆಸರಿನಲ್ಲಿ ತಂದು ಮನೆಯವರೇ ಓಡಾಡಿಕೊಂಡು, ಕಸ್ಟಮ್ಸ್ ನೋಟಿಸ್ ಬಂದು ವರ್ಷಗಟ್ಟಲೆ ನ್ಯಾಯಮಂಡಳಿ ಅಲೆದ ಪ್ರಕರಣಗಳು ನಮ್ಮ ದೇಶದಲ್ಲಿ ಸಾಕಷ್ಟಿವೆ. ಬಾಡಿಗೆಗೆ ಎಂದು ತಂದರೆ ಬಾಡಿಗೆಗೇ ಓಡಿಸಿ.

ಖರೀದಿಯ ಗಡಿಬಿಡಿಯಲ್ಲಿ ಪೈಲಟ್‌ಗಳ ವಿಷಯ ಹಿಂದೆ ಬೀಳುತ್ತದೆ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜಿ-4 ರನ್‌ವೇ ದಾಟಿ ಹೋಗಿ ಸುಟ್ಟು, ಒಳಗಿದ್ದ ಏಳೂ ಜನ ಸತ್ತರು. ನಿಂತಾಗ ರೆಕ್ಕೆ ಮತ್ತು ಬಾಲದ ಫಲಕಗಳು ಗಾಳಿಗೆ ಅಲುಗದಂತೆ ಹಾಕುವ ಬೀಗವನ್ನು ತೆಗೆಯದೆಯೇ ಹೊರಟಿದ್ದರು. ತನಿಖೆ ಮಾಡಿದವರು ವಿಮಾನದ ರೆಕಾರ್ಡರ್ ಓದಿದಾಗ, ಹಿಂದಿನ 175 ಹಾರಾಟಗಳಲ್ಲಿ ಶೇ 98ರಷ್ಟು ಸಲ ಅದೇ ಪೈಲಟ್‌ಗಳು ನಿಯಂತ್ರಣಗಳ ಪೂರ್ಣ ಪರೀಕ್ಷೆ ಮಾಡಿರಲಿಲ್ಲ ಎಂದು ಗೊತ್ತಾಯಿತು. ಬಹಳ ವರ್ಷ ಜೊತೆಯಲ್ಲೇ ಹಾರಿದ ಅನುಭವಿಗಳು ಅವರು. ನೆಚ್ಚಿನ ಯಜಮಾನ, ಕೇಳುವವರಿಲ್ಲದ ಹ್ಯಾಂಗರ್, ಎರಡೇ ಪೈಲಟ್‌ಗಳು, ಈ ಏರ್ಪಾಡಿನಲ್ಲಿ ಶಿಸ್ತು ಸದ್ದಿಲ್ಲದೆ ಸಡಿಲವಾಗುತ್ತದೆ. ಹಾರಾಟದ ದತ್ತಾಂಶವನ್ನು ಹೊರಗಿನವರೊಬ್ಬರು ತಿಂಗಳಿಗೊಮ್ಮೆ ಓದುವ ವ್ಯವಸ್ಥೆಗೆ ಮಾಲೀಕರು ಹಣ ಕೊಡಲೇಬೇಕು. ಒಳಾಂಗಣದ ಚರ್ಮ ಬದಲಿಸುವುದು ಆಮೇಲೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ವರ್ಷಕ್ಕೆ ಮುನ್ನೂರು ಗಂಟೆ ಹಾರುವ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯುರೋಪ್, ಪೂರ್ವ ಏಷ್ಯ, ಆಫ್ರಿಕದ ಉದ್ದ ಪಯಣವೇ ಆಗಿರುವ ಕಂಪನಿಗೆ ದೊಡ್ಡ ತಪಾಸಣೆ ಮುಗಿದ, ಎಂಜಿನ್ ಯೋಜನೆಯಲ್ಲಿರುವ, ಲಾಗ್‌ಬುಕ್ ಪೂರ್ತಿ ಇರುವ ಜಿ550 ಒಳ್ಳೆಯ ಖರೀದಿ. ದುಬೈ, ಸಿಂಗಪುರ, ದೆಹಲಿ, ಮುಂಬೈಗಳಲ್ಲೇ ಸುತ್ತುವವರು ಮಧ್ಯಮ ಗಾತ್ರದ ಜೆಟ್ ಕೊಂಡು, ವರ್ಷಕ್ಕೆ ಎರಡು ಮೂರು ಸಲದ ಲಂಡನ್ ಪಯಣಕ್ಕೆ ದೊಡ್ಡದನ್ನು ಬಾಡಿಗೆಗೆ ತೆಗೆದುಕೊಳ್ಳಲಿ. ಈಗಾಗಲೇ ಕಡತ ಮೇಜಿನ ಮೇಲಿದ್ದರೆ, ಬೆಲೆಯ ಮಾತು ಎತ್ತುವ ಮೊದಲು ಲಾಗ್‌ಬುಕ್ಕುಗಳ ಪ್ರತಿ ತರಿಸಿಕೊಂಡು, ಮಾರುವವರ ಸಂಬಳ ಪಡೆಯದ ಒಬ್ಬ ಎಂಜಿನಿಯರ್ ಕೈಗೆ ಕೊಡಿ.